ಸುತ್ತಿಗೆ ಎತ್ತುವ ಮೊದಲು ಅವರು ಅರ್ಜಿ ಬರೆದಿದ್ದರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತಲ ಊರುಗಳಲ್ಲಿ, 1812ರ ಆಸುಪಾಸಿನಲ್ಲಿ, ಕೆಲವು ಹೆಣಿಗೆ ಯಂತ್ರಗಳ ಮೇಲೆ ಒಂದು ಅಚ್ಚು ಹಾಕಿದ ಚೀಟಿ ಅಂಟಿಸಿರುತ್ತಿದ್ದರು. ಅದರಲ್ಲಿ ಇದ್ದದ್ದು ಇಷ್ಟೇ: ಈ ಯಂತ್ರದಲ್ಲಿ ಪೂರ್ತಿ ಆಕಾರ ಕೊಟ್ಟು ಹೆಣೆದ ಮಾಲು ತಯಾರಾಗುತ್ತಿದೆ, ಪೂರ್ತಿ ಕೂಲಿ ಸಿಗುತ್ತಿದೆ. ಆ ಚೀಟಿ ಗಿರಾಕಿಗಳಿಗಲ್ಲ. ರಾತ್ರಿ ಹೊತ್ತು ಮುಖಕ್ಕೆ ಮಸಿ ಬಳಿದುಕೊಂಡು, ಸುತ್ತಿಗೆ ಹಿಡಿದುಕೊಂಡು ಬರುವವರಿಗೆ. ಒಂದೇ ಊರಿನಲ್ಲಿ ಅವರು ಕೆಲವು ಯಂತ್ರಗಳನ್ನು ಪುಡಿ ಮಾಡುತ್ತಿದ್ದರು, ಕೂಲಿ ಸರಿಯಾಗಿ ಕೊಡುವವರ ಯಂತ್ರಗಳನ್ನು ಮುಟ್ಟದೆ ಹೋಗುತ್ತಿದ್ದರು.

ಇವರೇ ಲಡ್ಡೈಟ್‌ಗಳು. ಇವತ್ತು ಈ ಪದವನ್ನು ಬೈಗುಳದ ಹಾಗೆ ಬಳಸುತ್ತಾರೆ. ಹೊಸ ಆ್ಯಪ್ ಬೇಡ ಅಂದವರು, ಮುಖ ಸ್ಕ್ಯಾನ್ ಮಾಡಿ ಹಾಜರಿ ಹಾಕುವುದು ಯಾಕೆ ಅಂತ ಕೇಳಿದವರು, ಎಲ್ಲರೂ ಲಡ್ಡೈಟ್‌ಗಳೇ. ಯಂತ್ರ ಕಂಡರೆ ಹೆದರುವ ಹಳೇ ಕಾಲದ ದಡ್ಡರು ಅನ್ನುವ ಅರ್ಥ ಅದಕ್ಕೆ ಅಂಟಿಕೊಂಡಿದೆ. ಆದರೆ ಯಂತ್ರವನ್ನೇ ದ್ವೇಷಿಸುವವರು ಚೀಟಿ ಓದಿ, ಇದು ಬೇಡ ಬಿಡು ಅಂತ ಯಾಕೆ ಮುಂದಕ್ಕೆ ಹೋಗುತ್ತಾರೆ? ಈ ಪ್ರಶ್ನೆ ಹಿಡಿದು ಹೊರಟರೆ ನಮಗೆ ಹೇಳಿಕೊಟ್ಟ ಕಥೆ ಪೂರ್ತಿ ಬೇರೆಯೇ ಆಗುತ್ತದೆ.

ಮೊದಲು ಯಂತ್ರದ ವಿಷಯ. ನಾಟಿಂಗ್‌ಹ್ಯಾಮ್ ಹತ್ತಿರದ ಕ್ಯಾಲ್ವರ್ಟನ್ ಅನ್ನುವ ಹಳ್ಳಿಯ ವಿಲಿಯಂ ಲೀ ಕಾಲ್ಚೀಲ ಹೆಣೆಯುವ ಯಂತ್ರ ಕಂಡುಹಿಡಿದದ್ದು 1589ರಲ್ಲಿ. ಲಡ್ಡೈಟ್‌ಗಳು ಸುತ್ತಿಗೆ ಎತ್ತಿದ್ದು 1811ರಲ್ಲಿ. ಅಂದರೆ ಇನ್ನೂರಕ್ಕೂ ಹೆಚ್ಚು ವರ್ಷ ಆ ಯಂತ್ರ ಅವರ ಮನೆಗಳಲ್ಲೇ ಇತ್ತು. ಅಜ್ಜ, ಮುತ್ತಜ್ಜ ಅದರಲ್ಲೇ ದುಡಿದಿದ್ದರು. ಗಂಡಸರು ಯಂತ್ರದ ಮೇಲೆ ಕೂರುತ್ತಿದ್ದರು, ಮಕ್ಕಳು ನೂಲು ಸುತ್ತುತ್ತಿದ್ದರು, ಹೆಂಗಸರು ಕಾಲ್ಚೀಲದ ಅಂಚು ಸೇರಿಸಿ ಹೊಲಿಯುತ್ತಿದ್ದರು. ನಮ್ಮ ಕಡೆ ಮಗ್ಗದ ಮನೆ ಹೇಗಿರುತ್ತದೋ ಹಾಗೆ. ಅದರ ಶಬ್ದ ನಿಂತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಕೆಟ್ಟದ್ದು ಏನು? ಯಂತ್ರ ಇದ್ದದ್ದು ಅವರ ಮನೆಯಲ್ಲಿ, ಆದರೆ ಬಹಳ ಜನರಿಗೆ ಅದು ಸ್ವಂತದ್ದಲ್ಲ. ಮಾಲೀಕ ಬೇರೆ. ನೂಲು ಕೊಡುವವನು ಅವನು, ಮಾಲು ತೆಗೆದುಕೊಳ್ಳುವವನು ಅವನು, ಇಷ್ಟೇ ಕೂಲಿ ಅಂತ ಹೇಳುವವನೂ ಅವನೇ. ರಬಕವಿ-ಬನಹಟ್ಟಿ ಕಡೆಯ ಮಜೂರಿ ನೇಕಾರರಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ. ಇದರ ಮೇಲೆ ಯಂತ್ರಕ್ಕೆ ವಾರದ ಬಾಡಿಗೆ. ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು. ಕೆಲಸ ಕಮ್ಮಿ ಇದ್ದರೂ ಬಾಡಿಗೆ ಕಮ್ಮಿ ಆಗುತ್ತಿರಲಿಲ್ಲ. ಇಲ್ಲಿ ಒಂದು ಲೆಕ್ಕಾಚಾರ ಇದೆ, ಸ್ವಲ್ಪ ನಿಧಾನವಾಗಿ ನೋಡಿ. ಮಾಲೀಕನಿಗೆ ಬಾಡಿಗೆಯೇ ಒಂದು ಗ್ಯಾರಂಟಿ ಆದಾಯ ಅಂತಾದಾಗ, ಹತ್ತು ಜನರಿಗೆ ಪೂರ್ತಿ ಕೆಲಸ ಕೊಡುವುದಕ್ಕಿಂತ ಇಪ್ಪತ್ತು ಜನರಿಗೆ ಅರ್ಧರ್ಧ ಕೆಲಸ ಹಂಚುವುದೇ ಲಾಭ. ಆಗುವ ಕೆಲಸ ಅಷ್ಟೇ, ಬಾಡಿಗೆ ಮಾತ್ರ ಇಪ್ಪತ್ತು ಯಂತ್ರಗಳದ್ದು ಬರುತ್ತದೆ. ದುಡಿಯುವವನ ಪಾಲಿಗೆ ಅರ್ಧ ಕೂಲಿ, ಪೂರ್ತಿ ಬಾಡಿಗೆ.

ಎರಡನೆಯದು ಕಳಪೆ ಮಾಲು. ಒಳ್ಳೆಯ ಕಾಲ್ಚೀಲ ಅಂದರೆ ಕಾಲಿನ ಆಕಾರಕ್ಕೆ ತಕ್ಕಂತೆ ಹೆಣಿಗೆಯ ಕುಣಿಕೆಗಳನ್ನು ಹೆಚ್ಚು ಕಮ್ಮಿ ಮಾಡುತ್ತಾ ಹೆಣೆದದ್ದು. ಅದಕ್ಕೆ ವರ್ಷಗಟ್ಟಲೆ ಕಲಿತ ಕೈ ಬೇಕು. ಇದರ ಬದಲು ಕೆಲವು ಮಾಲೀಕರು ಅಗಲ ಯಂತ್ರಗಳಲ್ಲಿ ದೊಡ್ಡ ಬಟ್ಟೆಯನ್ನೇ ಹೆಣೆಸಿ, ಕತ್ತರಿಯಿಂದ ಕಾಲ್ಚೀಲದ ಆಕಾರಕ್ಕೆ ಕತ್ತರಿಸಿ, ಹೊಲಿಸಿ ಮಾರಲು ಶುರು ಮಾಡಿದರು. ಅಂಚು ಗಟ್ಟಿ ಇರುವುದಿಲ್ಲ, ಬೇಗ ಬಿಚ್ಚಿಕೊಳ್ಳುತ್ತದೆ. ಕೊಂಡವರು ಬೈಯುತ್ತಿದ್ದದ್ದು ಹೆಣೆದವರನ್ನು. ಮೊದಲೇ ಗಂಡಸರ ಫ್ಯಾಷನ್ ಬದಲಾಗಿ ಉದ್ದ ಪ್ಯಾಂಟು ಬಂದು ಉದ್ದ ಕಾಲ್ಚೀಲಕ್ಕೆ ಬೇಡಿಕೆ ಇಳಿದಿತ್ತು. ಅದರ ಮೇಲೆ ಈ ಕೆಟ್ಟ ಹೆಸರು. ಕೆಲಸ ಕಲಿಯದವರನ್ನು ಕಮ್ಮಿ ದುಡ್ಡಿಗೆ ಕೂರಿಸುವುದು, ಕೂಲಿಯನ್ನು ಹಣದಲ್ಲಿ ಕೊಡದೆ ಸಾಮಾನಿನಲ್ಲಿ ಕೊಡುವುದು, ಇವೂ ಸೇರಿಕೊಂಡವು.

ಈಗ ಆ ಕಾಲದ ದೇಶವನ್ನು ನೋಡಿ. ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಲೇ ಇತ್ತು. ವ್ಯಾಪಾರದ ಮೇಲಿನ ನಿರ್ಬಂಧಗಳಿಂದ ಅಮೆರಿಕಕ್ಕೆ ಹೋಗುತ್ತಿದ್ದ ಮಾಲು ನಿಂತುಹೋಗಿತ್ತು. ಮೇಲಿಂದ ಮೇಲೆ ಬೆಳೆ ಕೆಟ್ಟು ಗೋಧಿಯ ಬೆಲೆ ಆಕಾಶಕ್ಕೇರಿತ್ತು. 1799 ಮತ್ತು 1800ರ ಕಾಯ್ದೆಗಳ ಪ್ರಕಾರ ಕೂಲಿ ಜಾಸ್ತಿ ಮಾಡಿ ಅಂತ ಕೇಳಲು ಕೆಲಸಗಾರರು ಒಟ್ಟು ಸೇರುವುದೇ ಅಪರಾಧ. ಸಂಘ ಕಟ್ಟಿದರೆ ಜೈಲು. ವೋಟು ಇಲ್ಲ. ವೋಟು ಬಿಡಿ, ಸಾವಿರಾರು ಜನ ದುಡಿಯುತ್ತಿದ್ದ ಮ್ಯಾಂಚೆಸ್ಟರ್, ಲೀಡ್ಸ್‌ನಂಥ ಊರುಗಳಿಗೆ ಪಾರ್ಲಿಮೆಂಟಿನಲ್ಲಿ ತಮ್ಮದೇ ಒಬ್ಬ ಸದಸ್ಯನೂ ಇರಲಿಲ್ಲ. ಗುಂಪುಗಳ ಒಳಗೆ ದುಡ್ಡಿಗೆ ಸುದ್ದಿ ಮುಟ್ಟಿಸುವ ಗೂಢಚಾರರು ಇದ್ದರು. ಮುಂದೆ ಬರಲಿರುವ ಭಯಾನಕ ಸಮಾಜ ಅಂತ ನಾವು ಕಲ್ಪಿಸಿಕೊಳ್ಳುತ್ತೇವಲ್ಲ, ಯಂತ್ರ ಕೆಲವರ ಕೈಯಲ್ಲಿ, ಕಾನೂನೂ ಅವರ ಕೈಯಲ್ಲಿ, ಮಾತನಾಡಿದರೆ ಸೈನಿಕರು ಬರುತ್ತಾರೆ ಅಂತ, ಅದರಲ್ಲಿ ಒಂದು ಭಾಗವನ್ನು ಈ ಜನ ಆಗಲೇ ಬದುಕಿ ಮುಗಿಸಿದ್ದರು.

ಇಷ್ಟಾದರೂ ಅವರು ಮೊದಲು ಹಿಡಿದದ್ದು ಕಾನೂನಿನ ದಾರಿಯನ್ನೇ. ಈ ಭಾಗವನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ಹೆಣಿಗೆಯವರ ಸಂಘಕ್ಕೆ ಎರಡನೇ ಚಾರ್ಲ್ಸ್ ರಾಜ 1663ರಲ್ಲಿ ಕೊಟ್ಟ ಸನ್ನದು ಇತ್ತು. ಕಸುಬು ಯಾರು ಮಾಡಬೇಕು, ಮಾಲು ಹೇಗಿರಬೇಕು ಅನ್ನುವುದನ್ನು ನೋಡಿಕೊಳ್ಳುವ ಅಧಿಕಾರ ಅದರಲ್ಲಿತ್ತು. ಅದನ್ನು ಜಾರಿ ಮಾಡಿ ಅಂತ ಕೇಳಿದರು, ನಡೆಯಲಿಲ್ಲ. ಯಾರ್ಕ್‌ಷೈರ್ ಕಡೆ ಉಣ್ಣೆ ಬಟ್ಟೆಯ ಕೆಲಸಗಾರರದ್ದು ಇನ್ನೂ ಗಟ್ಟಿ ವಾದ. ಅಲ್ಲಿ ಕ್ರಾಪರ್‌ಗಳು ಅಂತ ಒಂದು ವರ್ಗ ಇತ್ತು. ನೇಯ್ದ ಉಣ್ಣೆ ಬಟ್ಟೆಯ ಮೇಲಿನ ನವಿರನ್ನು ಒಂದು ಜಾತಿಯ ಮುಳ್ಳುಕಾಯಿಯಿಂದ ಉಜ್ಜಿ ಎಬ್ಬಿಸಿ, ಆಮೇಲೆ ದೊಡ್ಡ ಕತ್ತರಿಯಿಂದ ಒಂದೇ ಸಮನಾಗಿ ಕತ್ತರಿಸುವುದು ಅವರ ಕೆಲಸ. ಆ ಕತ್ತರಿಯ ತೂಕ ಇಪ್ಪತ್ತು ಕಿಲೋ ಹತ್ತಿರ. ವರ್ಷಗಟ್ಟಲೆ ಹಿಡಿದು ಹಿಡಿದು ಮಣಿಕಟ್ಟಿನಲ್ಲಿ ಗೊರಸಿನ ಹಾಗೆ ಚರ್ಮ ದಪ್ಪಗಟ್ಟಿರುತ್ತಿತ್ತು, ಕೈ ನೋಡಿಯೇ ಇವನು ಕ್ರಾಪರ್ ಅಂತ ಹೇಳಬಹುದಿತ್ತು. ಬಟ್ಟೆಯ ಬೆಲೆ ಏರುವುದೂ ಇಳಿಯುವುದೂ ಇವರ ಕೈಯಲ್ಲಿ, ಹಾಗಾಗಿ ಕೂಲಿಯೂ ಚೆನ್ನಾಗಿತ್ತು.

ನವಿರು ಎಬ್ಬಿಸುವ ಗಿಗ್ ಮಿಲ್ ಅನ್ನುವ ಯಂತ್ರವನ್ನು ಆರನೇ ಎಡ್ವರ್ಡ್ ಕಾಲದಲ್ಲೇ, 16ನೇ ಶತಮಾನದ ನಡುವಿನಲ್ಲಿ, ಕಾನೂನು ಮಾಡಿ ನಿಷೇಧಿಸಿದ್ದರು. ಆ ಕಾನೂನು ಇನ್ನೂ ಪುಸ್ತಕದಲ್ಲಿತ್ತು. ಮಿಲ್ ಮಾಲೀಕರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗಿಗ್ ಮಿಲ್ ಹಾಕಿದರು. ಅದರ ಜೊತೆಗೆ, ದೊಡ್ಡ ಕತ್ತರಿಗಳನ್ನು ಚೌಕಟ್ಟಿಗೆ ಸಿಕ್ಕಿಸಿ ತಾನಾಗಿ ಓಡುವಂತೆ ಮಾಡಿದ ಕತ್ತರಿ ಯಂತ್ರವೂ ಬಂತು. ಕ್ರಾಪರ್‌ಗಳು ಚಂದಾ ಎತ್ತಿದರು, ವಕೀಲರನ್ನು ಹಿಡಿದರು, ಪಾರ್ಲಿಮೆಂಟಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟರು. ಅವರು ಕೇಳಿದ್ದು ಹೊಸ ಸವಲತ್ತೇನೂ ಅಲ್ಲ, ಇರುವ ಕಾನೂನನ್ನು ಪಾಲಿಸಿ ಅಂತ ಅಷ್ಟೇ. ಪಾರ್ಲಿಮೆಂಟು ಮೊದಲು ಆ ಕಾನೂನುಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. 1806ರಲ್ಲಿ ಒಂದು ಸಮಿತಿ ಕೂತು ವಿಚಾರಣೆ ಮಾಡಿತು. 1809ರಲ್ಲಿ ಪಾರ್ಲಿಮೆಂಟು ಆ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಯಂತ್ರ ಕಾನೂನಿಗೆ ಹೊಂದಲಿಲ್ಲ, ಅದಕ್ಕೆ ಕಾನೂನನ್ನೇ ತೆಗೆದು ಹಾಕಿದರು. ಸಂಘ ಮಾಡಬಾರದು ಅನ್ನುವ ಕಾನೂನು ಮಾತ್ರ ಹಾಗೇ ಉಳಿಯಿತು.

1811ರ ಮಾರ್ಚ್ 11ರಂದು ಹೆಣಿಗೆ ಕೆಲಸಗಾರರು ನಾಟಿಂಗ್‌ಹ್ಯಾಮ್ ಮಾರುಕಟ್ಟೆ ಚೌಕದಲ್ಲಿ ಸೇರಿ ಕೆಲಸ ಕೊಡಿ, ನ್ಯಾಯವಾದ ಕೂಲಿ ಕೊಡಿ ಅಂದರು. ಸೈನಿಕರು ಬಂದು ಚದುರಿಸಿದರು. ಅವತ್ತು ರಾತ್ರಿ ಪಕ್ಕದ ಆರ್ನಲ್ಡ್ ಎಂಬ ಊರಿನಲ್ಲಿ ಅರವತ್ತಕ್ಕೂ ಹೆಚ್ಚು ಯಂತ್ರಗಳು ಒಡೆದವು. ನವೆಂಬರ್ ಹೊತ್ತಿಗೆ ಮಾಲೀಕರಿಗೆ ಬೆದರಿಕೆ ಪತ್ರಗಳು ಬರಲು ಶುರುವಾದವು. ಕೆಳಗೆ ಸಹಿ ನೆಡ್ ಲಡ್. ಕೆಲವೊಮ್ಮೆ ಜನರಲ್ ಲಡ್, ವಿಳಾಸ ಷೆರ್‌ವುಡ್ ಕಾಡು. ಹಿಂದೆ ಯಾವಾಗಲೋ ಲೆಸ್ಟರ್ ಕಡೆಯ ಒಬ್ಬ ಹುಡುಗ ಹೊಡೆತ ತಿಂದು, ಸಿಟ್ಟಿನಲ್ಲಿ ಯಂತ್ರ ಒಡೆದನಂತೆ, ಅವನ ಹೆಸರು ಲಡ್ ಅಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಅಂಥ ಜನರಲ್ ಯಾರೂ ಇರಲಿಲ್ಲ. ಇಲ್ಲದ ಮನುಷ್ಯನನ್ನು ಹಿಡಿದು ಜೈಲಿಗೆ ಹಾಕುವುದು ಹೇಗೆ? ಸಂಘವೇ ಅಪರಾಧ ಆಗಿರುವ ದೇಶದಲ್ಲಿ ಯಾರು ಬೇಕಾದರೂ ತೊಟ್ಟುಕೊಳ್ಳಬಹುದಾದ ಒಂದು ಹೆಸರು ಇಟ್ಟುಕೊಂಡದ್ದು ಬಹಳ ಯೋಚನೆಯ ಕೆಲಸ. ಮ್ಯಾಂಚೆಸ್ಟರ್ ಹತ್ತಿರದ ಸ್ಟಾಕ್‌ಪೋರ್ಟ್‌ನಲ್ಲಂತೂ ಇಬ್ಬರು ಗಂಡಸರು ಹೆಂಗಸರ ಬಟ್ಟೆ ಹಾಕಿಕೊಂಡು, ನಾವು ಜನರಲ್ ಲಡ್‌ನ ಹೆಂಡತಿಯರು ಅಂತ ಗುಂಪಿನ ಮುಂದೆ ನಡೆದಿದ್ದರು.

1812ರ ಫೆಬ್ರವರಿ ಹೊತ್ತಿಗೆ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಸಾವಿರದ ಆಸುಪಾಸು ಯಂತ್ರಗಳು ಒಡೆದಿದ್ದವು. ಅಲ್ಲಿದ್ದ ಒಟ್ಟು ಯಂತ್ರಗಳ ಮುಂದೆ ಇದು ಸಣ್ಣ ಪಾಲು. ಸಿಕ್ಕ ಸಿಕ್ಕದ್ದನ್ನೆಲ್ಲ ಒಡೆಯುವ ಗುಂಪಾಗಿದ್ದರೆ ಹೀಗಾಗುತ್ತಿತ್ತಾ? ಕೆಲವು ಮಾಲೀಕರು ಕೂಲಿ ಏರಿಸಿದರು. ಮಾತುಕತೆಗೆ ಕೂರಲು ಬಿಡದ ಕಡೆ ಸುತ್ತಿಗೆಯೇ ಮಾತುಕತೆ ಆಗಿತ್ತು.

ಯಾರ್ಕ್‌ಷೈರ್‌ನಲ್ಲಿ ಸುತ್ತಿಗೆಗೂ ಒಂದು ಹೆಸರಿತ್ತು, ಈನಕ್. ಮಾರ್ಸ್‌ಡೆನ್ ಎಂಬ ಊರಿನ ಕಮ್ಮಾರ ಈನಕ್ ಟೇಲರ್ ಮತ್ತು ಅವನ ಅಣ್ಣತಮ್ಮಂದಿರ ಕುಲುಮೆಯಲ್ಲಿ ಕತ್ತರಿ ಯಂತ್ರಗಳು ತಯಾರಾಗುತ್ತಿದ್ದವು. ಅದೇ ಕುಲುಮೆಯಲ್ಲಿ ದೊಡ್ಡ ಸುತ್ತಿಗೆಗಳೂ ತಯಾರಾಗುತ್ತಿದ್ದವು. ಮಾಡಿದ್ದು ಈನಕ್, ಒಡೆಯುವುದೂ ಈನಕ್ ಅಂತ ಕ್ರಾಪರ್‌ಗಳು ಹೇಳುತ್ತಿದ್ದರು. 1812ರ ಮಾರ್ಚ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಒಬ್ಬ ಮಾಲೀಕನಿಗೆ ಬಂದ ಪತ್ರದಲ್ಲಿ ಅವರ ಬೇಡಿಕೆ ಸ್ಪಷ್ಟವಾಗಿದೆ. ಜನಸಾಮಾನ್ಯರಿಗೆ ಕೆಡುಕು ಮಾಡುವ ಯಂತ್ರಗಳನ್ನು ತಡೆಯುವ ಕಾಯ್ದೆಯನ್ನು ಪಾರ್ಲಿಮೆಂಟು ಮಾಡುವವರೆಗೆ ಆಯುಧ ಕೆಳಗಿಡುವುದಿಲ್ಲ ಅನ್ನುತ್ತದೆ ಪತ್ರ. ಜೊತೆಗೆ, ಇನ್ನು ಅರ್ಜಿ ಬರೆಯುವುದಿಲ್ಲ, ಅದರಿಂದ ಕೆಲಸ ಆಗುವುದಿಲ್ಲ, ಹೋರಾಟವೇ ಆಗಬೇಕು ಅಂತಲೂ ಇದೆ. ಜನಸಾಮಾನ್ಯರಿಗೆ ಕೆಡುಕು ಮಾಡುವ ಯಂತ್ರ ಅನ್ನುವ ಮಾತನ್ನು ಗಮನಿಸಿ. ಎಲ್ಲಾ ಯಂತ್ರ ಅಂತ ಅವರು ಬರೆಯಲಿಲ್ಲ.

ಏಪ್ರಿಲ್ 11ರ ರಾತ್ರಿ ಸುಮಾರು ನೂರೈವತ್ತು ಜನ ರಾಫೋಲ್ಡ್ಸ್ ಮಿಲ್ ಮೇಲೆ ದಾಳಿ ಮಾಡಿದರು. ಮಾಲೀಕ ವಿಲಿಯಂ ಕಾರ್ಟ್‌ರೈಟ್ ಮೊದಲೇ ತಯಾರಾಗಿದ್ದ. ಒಳಗೆ ಕೆಲವು ಸೈನಿಕರು, ನಂಬಿಕೆಯ ಕೆಲಸಗಾರರು, ಮೆಟ್ಟಿಲ ಮೇಲೆ ಮುಳ್ಳು ಬಡಿದ ಉರುಳೆಗಳು. ಇಪ್ಪತ್ತು ನಿಮಿಷ ಗುಂಡು ಹಾರಿತು. ಬಾಗಿಲು ಒಡೆಯಲಾಗಲಿಲ್ಲ. ಸ್ಯಾಮ್ಯುಯೆಲ್ ಹಾರ್ಟ್ಲಿ, ಜಾನ್ ಬೂತ್ ಇಬ್ಬರೂ ಗಾಯದಿಂದ ಸತ್ತರು. ಒಳಗಿದ್ದ ಒಬ್ಬ ಸೈನಿಕ, ಹೊರಗೆ ಇರುವವರು ನನ್ನ ಅಣ್ಣತಮ್ಮಂದಿರು ಅಂತ ಗುಂಡು ಹಾರಿಸಲೇ ಇಲ್ಲ. ಅವನಿಗೆ ಮುನ್ನೂರು ಛಡಿ ಏಟಿನ ಶಿಕ್ಷೆ ಆಯಿತು. ಇಪ್ಪತ್ತೈದರ ಸುಮಾರಿಗೆ ನಿಲ್ಲಿಸಿದರು, ಅದೂ ಕಾರ್ಟ್‌ರೈಟನೇ ಬಂದು ಸಾಕು ಅಂದ ಮೇಲೆ.

ಅಲ್ಲಿಂದ ದಾರಿ ಬದಲಾಯಿತು. ಏಪ್ರಿಲ್ 28ರಂದು ವಿಲಿಯಂ ಹಾರ್ಸ್‌ಫಾಲ್ ಎಂಬ ಮಿಲ್ ಮಾಲೀಕನನ್ನು ದಾರಿಯಲ್ಲಿ ಗುಂಡಿಟ್ಟು ಕೊಂದರು. ಇದನ್ನು ನಾನು ಸಮರ್ಥಿಸುವುದಿಲ್ಲ. ಒಬ್ಬ ಮನುಷ್ಯನ ಜೀವ ಯಂತ್ರದ ಹಾಗೆ ಮತ್ತೆ ಜೋಡಿಸುವಂಥದ್ದಲ್ಲ, ಮತ್ತು ಆ ಕೊಲೆಯಿಂದ ಕ್ರಾಪರ್‌ಗಳ ಮೇಲೆ ಕನಿಕರ ಇದ್ದ ಎಷ್ಟೋ ಜನ ದೂರ ಸರಿದರು.

ಸರ್ಕಾರ ಏನು ಮಾಡಿತು? ಗಲಭೆಯ ಜಿಲ್ಲೆಗಳಿಗೆ ಸುಮಾರು 12,000 ಸೈನಿಕರನ್ನು ಕಳಿಸಿತು. 1808ರಲ್ಲಿ ನೆಪೋಲಿಯನ್ ಸೇನೆಯ ವಿರುದ್ಧ ಪೋರ್ಚುಗಲ್ ಕಡೆಗೆ ಆರ್ಥರ್ ವೆಲ್ಲೆಸ್ಲಿ ಕರೆದುಕೊಂಡು ಹೋದ ಸೇನೆಗಿಂತ ಇದು ದೊಡ್ಡದು. ಆತ ನಮಗೂ ಗೊತ್ತಿರುವವನೇ, 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತಕ್ಕೆ ಕೂತವನು, ಮುಂದೆ ವೆಲ್ಲಿಂಗ್ಟನ್ ಆದವನು. 1808ರಲ್ಲಿ ನೆಪೋಲಿಯನ್ನನ ಸೇನೆಯ ಎದುರು ಅವನ ಜೊತೆ ಕಳಿಸಿದ್ದಕ್ಕಿಂತ ಜಾಸ್ತಿ ಸೈನಿಕರು ತಮ್ಮದೇ ಊರಿನ ಕಾಲ್ಚೀಲ ಹೆಣೆಯುವವರ, ಬಟ್ಟೆ ಕತ್ತರಿಸುವವರ ಎದುರು ನಿಂತರು.

ಯಂತ್ರ ಒಡೆದರೆ ಮೊದಲೇ ಏಳರಿಂದ ಹದಿನಾಲ್ಕು ವರ್ಷ ಗಡೀಪಾರು ಇತ್ತು. 1812ರಲ್ಲಿ ಅದನ್ನು ಮರಣದಂಡನೆಗೆ ಏರಿಸುವ ಮಸೂದೆ ಬಂತು. ಮೇಲ್ಮನೆಯಲ್ಲಿ ಫೆಬ್ರವರಿ 27ರಂದು 24 ವರ್ಷದ ಕವಿ ಬೈರನ್ ತನ್ನ ಮೊದಲ ಭಾಷಣ ಮಾಡಿದ್ದು ಇದರ ವಿರುದ್ಧವೇ. ಅವನ ಮನೆತನದ ಊರು ನಾಟಿಂಗ್‌ಹ್ಯಾಮ್ ಹತ್ತಿರವೇ ಇತ್ತು, ಜನರ ಪಾಡನ್ನು ಅವನು ಕಂಡಿದ್ದ. ನಿಮ್ಮ ದಂಡ ಸಂಹಿತೆಯಲ್ಲಿ ಈಗಾಗಲೇ ಇರುವ ರಕ್ತ ಸಾಲದೇ ಅಂತ ಕೇಳಿದ. ಕೇಳಿಸಿಕೊಂಡವರು ಕಮ್ಮಿ. ಮಸೂದೆ ಕಾಯ್ದೆಯಾಯಿತು.

1813ರ ಜನವರಿಯಲ್ಲಿ ಯಾರ್ಕ್‌ನಲ್ಲಿ ವಿಶೇಷ ನ್ಯಾಯಾಲಯ ಕೂತಿತು. ಹಾರ್ಸ್‌ಫಾಲ್ ಕೊಲೆಗೆ ಜಾರ್ಜ್ ಮೆಲ್ಲರ್, ಥಾಮಸ್ ಸ್ಮಿತ್, ವಿಲಿಯಂ ಥಾರ್ಪ್ ಮೂವರನ್ನು ಜನವರಿ 8ರಂದು ನೇಣಿಗೆ ಹಾಕಿದರು. ಮಿಲ್ ಮೇಲಿನ ದಾಳಿ, ಬಂದೂಕು ಮತ್ತು ಹಣದ ದರೋಡೆ, ಇಂಥ ಆರೋಪಗಳಿಗೆ ಜನವರಿ 16ರಂದು ಇನ್ನೂ 14 ಜನ. ಒಂದೇ ದಿನ ಹದಿನಾಲ್ಕು. ಅವರಲ್ಲಿ ಎಷ್ಟೋ ಜನರಿಗೆ ಮನೆಯಲ್ಲಿ ಸಣ್ಣ ಮಕ್ಕಳಿದ್ದರು.

ಇದೆಲ್ಲ ನಡೆಯುತ್ತಿರುವಾಗಲೂ ಅರ್ಜಿಯ ದಾರಿ ಪೂರ್ತಿ ಬಿಟ್ಟಿರಲಿಲ್ಲ ಅನ್ನುವುದೇ ನನ್ನನ್ನು ಕಾಡುವ ವಿಷಯ. ನಾಟಿಂಗ್‌ಹ್ಯಾಮ್‌ನ ಗ್ರೇವನರ್ ಹೆನ್ಸನ್ ಎಂಬ ಕೆಲಸಗಾರ 1812ರಲ್ಲಿ ಲಂಡನ್ನಿಗೆ ಹೋಗಿ ಹೆಣಿಗೆಯವರ ಪರ ಒಂದು ಮಸೂದೆಗೆ ಓಡಾಡಿದ. ಕಳಪೆ ಮಾಲು ತಡೆಯಬೇಕು, ಕೂಲಿಯನ್ನು ಸಾಮಾನಿನಲ್ಲಿ ಕೊಡಬಾರದು, ಇಂಥ ಸಾಧಾರಣ ಬೇಡಿಕೆಗಳು. ಕೆಳಮನೆಯಲ್ಲಿ ಅದನ್ನು ಸಾಕಷ್ಟು ಕತ್ತರಿಸಿ ಪಾಸು ಮಾಡಿದರು. ಮೇಲ್ಮನೆ ತಳ್ಳಿಹಾಕಿತು. ಯಂತ್ರವನ್ನು ಕಾಪಾಡುವ ಕಾಯ್ದೆಗೂ ಯಂತ್ರದ ಮುಂದೆ ಕೂತವನನ್ನು ಕಾಪಾಡುವ ಮಸೂದೆಗೂ ನಡುವೆ ಇದ್ದದ್ದು ಕೆಲವೇ ತಿಂಗಳು, ಮನೆ ಅದೇ, ಸದಸ್ಯರು ಅವರೇ.

ಕ್ರಾಪರ್‌ಗಳ ಕಸುಬು ಉಳಿಯಲಿಲ್ಲ. 1817ರ ಲೆಕ್ಕದಲ್ಲಿ 3,378 ಜನರ ಪೈಕಿ ಪೂರ್ತಿ ಕೆಲಸ ಇದ್ದವರು 763. ಅರೆಬರೆ ಕೆಲಸದವರು 1,445. ಉಳಿದ 1,170 ಜನರಿಗೆ ಏನೂ ಇಲ್ಲ. ಲಡ್ಡೈಟ್‌ಗಳು ಸೋತರು, ಯಂತ್ರ ಬಂತು, ಕೊನೆಗೆ ಎಲ್ಲರಿಗೂ ಒಳ್ಳೆಯದೇ ಆಯಿತು ಅಂತ ಹೇಳುವವರು ಈ 1,170 ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಅನ್ನುವುದು ಬರುವ ಹೊತ್ತಿಗೆ ಅವರ ಮಕ್ಕಳು ಏನು ತಿಂದರು?

ಇದನ್ನು ಇವತ್ತು ಕನ್ನಡದಲ್ಲಿ ಬರೆಯುವುದಕ್ಕೆ ಒಂದು ಕಾರಣ ಇದೆ. ಬೆಂಗಳೂರಿನ ರಸ್ತೆಗಳಲ್ಲಿ ಊಟ ತಲುಪಿಸುವ ಹುಡುಗರಿಗೆ, ಕ್ಯಾಬ್ ಓಡಿಸುವವರಿಗೆ ಯಾವ ಆರ್ಡರ್ ಯಾಕೆ ಬಂತು, ದುಡ್ಡು ಯಾಕೆ ಕಮ್ಮಿ ಆಯಿತು, ಐಡಿ ಯಾಕೆ ಬ್ಲಾಕ್ ಆಯಿತು ಅಂತ ಹೇಳುವವರು ಇರುವುದಿಲ್ಲ. ಆ್ಯಪ್ ಹೇಳಿತು, ಮುಗಿಯಿತು. ಅವರು ಆ್ಯಪ್ ಅನ್ನು ದ್ವೇಷಿಸುತ್ತಾರಾ? ಇಲ್ಲ, ಅದರಲ್ಲೇ ಅವರ ಅನ್ನ ಇದೆ. ಅದರ ಲೆಕ್ಕ ತಮಗೂ ಗೊತ್ತಾಗಬೇಕು ಅನ್ನುತ್ತಾರೆ. ಕರ್ನಾಟಕ 2025ರಲ್ಲಿ ಇಂಥ ಗಿಗ್ ಕಾರ್ಮಿಕರಿಗಾಗಿ ಮಾಡಿದ ಕಾಯ್ದೆಯಲ್ಲಿ ಈ ಮಾತು ಬಂದಿದೆ. ತಾನಾಗಿ ತೀರ್ಮಾನ ತೆಗೆದುಕೊಳ್ಳುವ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅಂತ ಕಂಪನಿ ಕೆಲಸಗಾರನಿಗೆ ತಿಳಿಸಬೇಕು, ಕೆಲಸದಿಂದ ತೆಗೆಯುವಾಗ ಕಾರಣ ಕೊಟ್ಟು 14 ದಿನ ಮೊದಲು ನೋಟಿಸ್ ಕೊಡಬೇಕು. ಇದು ಎಷ್ಟು ಜಾರಿಯಾಗುತ್ತದೆ ಅನ್ನುವುದು ಮುಂದಿನ ಮಾತು. ಆದರೆ ಕಾಗದದ ಮೇಲೆ ಇದು ಬಂದಿದೆ, ಮತ್ತು ಇದನ್ನು ಕೇಳಿದವರು ಸಂಘ ಕಟ್ಟಿ, ಬೀದಿಗೆ ಬಂದು, ಜೈಲಿನ ಹೆದರಿಕೆ ಇಲ್ಲದೆ ಕೇಳಿದರು. ಹೆನ್ಸನ್‌ಗೆ ಬೇಕಿದ್ದದ್ದು ಅದೇ.

ಅಲ್ಲಿ ಸಂಘ ನಿಷೇಧಿಸಿದ ಕಾಯ್ದೆಗಳು ರದ್ದಾದದ್ದು 1824ರಲ್ಲಿ. ಕೂಲಿಯನ್ನು ಸಾಮಾನಿನಲ್ಲಿ ಕೊಡುವುದರ ವಿರುದ್ಧ ಗಟ್ಟಿ ಕಾನೂನು ಬಂದದ್ದು 1831ರಲ್ಲಿ. ಹೆಣಿಗೆ ಯಂತ್ರದ ಬಾಡಿಗೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ಮಾತ್ರ ಇನ್ನೂ ನಡೆಯುತ್ತಲೇ ಇತ್ತು. ಅದನ್ನು ಪಾರ್ಲಿಮೆಂಟು ನಿಲ್ಲಿಸಿದ್ದು 1874ರಲ್ಲಿ, ಹೆನ್ಸನ್ ಲಂಡನ್ನಿನಿಂದ ಬರಿಗೈಲಿ ವಾಪಸ್ಸು ಬಂದ 62 ವರ್ಷಗಳ ನಂತರ.